ಬೋರಲು ಹಾಕಿದ ಆರನೇ ಗ್ಲಾಸು

ನಮ್ಮೂರಿನಲ್ಲಿ ದುಡಿದು ತಿನ್ನುವವರಿದ್ದಾರೆ, ಕೂತು ತಿನ್ನುವವರಿದ್ದಾರೆ, ಉಗುಳಿ ತಿನ್ನುವವಳು ಮಾತ್ರ ಇವಳೊಬ್ಬಳೇ ಎಂದು ಅವಳ ಗಂಡನೇ ನಾಲ್ಕು ಜನರ ಎದುರಿಗೆ ಹೇಳುತ್ತಿದ್ದ. ಬಸ್ ಓಡಿಸುವ ಆ ಮನುಷ್ಯ ಜನ್ಮದಲ್ಲಿ ಒಂದು ತೊಟ್ಟು ವೈನು ಕುಡಿದವನಲ್ಲ. ಅವನಿಗೆ ವೈನೂ ಒಂದೇ, ಕೆಂಪು ಶಾಯಿಯೂ ಒಂದೇ. ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮಕ್ಕಳು ಮುದುಕರೆನ್ನದೆ ಎಲ್ಲರಿಗೂ ಅವಳು ಉಗುಳಕ್ಕ. ಮೊದಮೊದಲು ಸಿಟ್ಟಾಗುತ್ತಿದ್ದಳಂತೆ. ನಾನು ಕಂಡ ಹಾಗೆ, ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಅವಳ ಕೆಲಸ ವೈನಿನ ರುಚಿ ನೋಡಿ ತೀರ್ಪು ಕೊಡುವುದು. ದ್ರಾಕ್ಷಿ ಬೆಳೆಗಾರರ ಸಂಘದ ಕಟ್ಟಡದ ಮಹಡಿಯಲ್ಲಿ ಅದಕ್ಕೆಂದೇ ಒಂದು ಕೋಣೆ ಇದೆ. ಸುಣ್ಣ ಬಳಿದ ಗೋಡೆ, ಬಿಸಿಲು ನೇರವಾಗಿ ಬೀಳದ ದೊಡ್ಡ ಕಿಟಕಿ, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಹಲಗೆ ಅಡ್ಡ ಇಟ್ಟ ಮೂರು ಕುರ್ಚಿ. ಪ್ರತಿ ಕುರ್ಚಿಯ ಪಕ್ಕದಲ್ಲೂ ಉಗುಳುವುದಕ್ಕೆ ಒಂದೊಂದು ತಗಡಿನ ಡಬ್ಬ. ಕೋಣೆಯ ಒಂದು ಮೂಲೆಗೆ ಬೂದು ಬಣ್ಣದ ದಪ್ಪ ಪರದೆ. ಆ ಪರದೆಯ ಹಿಂದೆ ನಾನು.

ನನ್ನ ಕೆಲಸ ಸುರಿಯುವುದು. ಯಾರ ಮಾದರಿ ಬಾಟಲಿಯ ವೈನು ಎಷ್ಟನೇ ನಂಬರಿನ ಜಗ್ಗಿಗೆ ಹೋಯಿತು ಎಂದು ಗೊತ್ತಿರುವುದು ನನಗೊಬ್ಬಳಿಗೇ. ಮೊದಲ ಗ್ಲಾಸು ಹೊರಗೆ ಹೋದಾಗಿನಿಂದ ಕೊನೆಯ ತೀರ್ಪು ಬರುವ ತನಕ ನಾನು ತುಟಿ ಬಿಚ್ಚುವ ಹಾಗಿಲ್ಲ. ಹಿಂದೆ ಒಂದು ಸಲ ಪರದೆಯ ಹಿಂದಿನವನು ಕೆಮ್ಮಿದ್ದನ್ನೇ ಸನ್ನೆ ಎಂದು ಹಿಡಿದು ದೊಡ್ಡ ಗಲಾಟೆಯಾಗಿ ಇಡೀ ದಿನದ ಪರೀಕ್ಷೆ ನೀರಲ್ಲಿ ಹೋಮವಾಗಿತ್ತಂತೆ. ಬಾಯಿ ಮುಚ್ಚಿಕೊಂಡಿರುವುದು ನನಗೆ ಎಂಥ ಶಿಕ್ಷೆ ಎಂಬುದನ್ನು ನನ್ನ ಮನೆಯವರನ್ನು ಕೇಳಿ ನೋಡಿ. ಆದರೂ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡೇ ನಿಂತಿದ್ದೇನೆ.

ತೀರ್ಪನ್ನು ನಮ್ಮಲ್ಲಿ ಬರೆಯುವುದೂ ಇಲ್ಲ, ಹೇಳುವುದೂ ಇಲ್ಲ. ಒಪ್ಪಿಗೆಯಾದರೆ ಗ್ಲಾಸನ್ನು ಇದ್ದ ಹಾಗೇ ಬಿಡುತ್ತಾರೆ. ಒಪ್ಪಿಗೆಯಾಗದಿದ್ದರೆ ಉಳಿದ ವೈನನ್ನು ಡಬ್ಬಕ್ಕೆ ಚೆಲ್ಲಿ ಗ್ಲಾಸನ್ನು ಬೋರಲು ಹಾಕುತ್ತಾರೆ. ಮೂವರಲ್ಲಿ ಒಬ್ಬರು ಬೋರಲು ಹಾಕಿದರೂ ಮುಗಿಯಿತು. ಆ ವೈನಿಗೆ ಸಂಘದ ಮುದ್ರೆ ಇಲ್ಲ, ಬಾಟಲಿ ಇಲ್ಲ, ಅದು ಎಲ್ಲರ ಉಳಿಕೆಯ ಜೊತೆ ದೊಡ್ಡ ತೊಟ್ಟಿಗೆ ಹೋಗುತ್ತದೆ. ಸತತವಾಗಿ ಮೂರು ವರ್ಷ ಬಿದ್ದವನು ಮುಂದೆ ಸ್ವಂತ ವೈನು ಮಾಡುವ ಹಾಗಿಲ್ಲ. ದ್ರಾಕ್ಷಿ ಕಿತ್ತು ಬುಟ್ಟಿಯಲ್ಲಿ ತಂದು ಹಾಕಿ ಹೋಗಬೇಕು, ಅಷ್ಟೇ.

ಇನ್ನೊಂದು ಕಟ್ಟಳೆ ಇದೆ. ಬಾಯಿಗಿಟ್ಟ ವೈನು ಯಾರದೆಂದು ಗುರುತು ಸಿಕ್ಕಿದರೆ ಆ ಕೂಡಲೇ ಕೈಯೆತ್ತಿ ಹೇಳಬೇಕು, ಆ ಒಂದು ಗ್ಲಾಸಿನಿಂದ ಹಿಂದೆ ಸರಿಯಬೇಕು. ತೀರ್ಪು ಕೊಟ್ಟ ಮೇಲೆ ಹೇಳಿದರೆ ಅವರ ಆ ದಿನದ ಎಲ್ಲ ತೀರ್ಪೂ ರದ್ದು. ಅವರ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸುತ್ತಾರೆ, ಬದಲಿಗೆ ಬಂದವರು ಎಲ್ಲವನ್ನೂ ಮತ್ತೆ ರುಚಿ ನೋಡುತ್ತಾರೆ. ತಿರುಗಿದ ಕುರ್ಚಿಯಲ್ಲಿ ಅವರು ಮತ್ತೆ ಕೂರುವಂತಿಲ್ಲ.

ಉಗುಳಕ್ಕನಿಗೆ ಈ ಮೂಗು ಎಲ್ಲಿಂದ ಬಂತು ಎಂದು ಕೇಳಿದರೆ, ಪೀಪಾಯಿಯ ಒಳಗಿನಿಂದ ಎನ್ನುತ್ತಿದ್ದಳು. ಸುಳ್ಳಲ್ಲ. ಅವಳ ಅಪ್ಪನ ಬಳಿ ಹಳೆಯ ಕಾಲದ ಒಂದು ದೊಡ್ಡ ಪೀಪಾಯಿ ಇತ್ತು. ಅದರ ಬಾಯಿ ಚಿಕ್ಕದು, ದೊಡ್ಡವರ ಮೈ ತೂರುತ್ತಿರಲಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಇವಳನ್ನು ಒಳಗೆ ಇಳಿಸಿ ಬ್ರಷ್ಷು ಕೊಡುತ್ತಿದ್ದರು. ಕತ್ತಲಲ್ಲಿ ಕೂತು ತಿಕ್ಕುತ್ತಾ, ಇದು ಹುಳಿ, ಇದು ಬೂಷ್ಟು, ಇದು ಮರ, ಇದು ಹಣ್ಣು ಎಂದು ಮೂಗಿನಲ್ಲೇ ಬೇರೆ ಬೇರೆ ಮಾಡಿಕೊಳ್ಳುತ್ತಿದ್ದಳಂತೆ. ಅವಳ ತಮ್ಮ ಹುಟ್ಟಿದ ಮೇಲೆ ಅಮ್ಮ ಹಾಸಿಗೆ ಹಿಡಿದಳು. ಅವನನ್ನು ಎತ್ತಿ ಆಡಿಸಿದ್ದು, ಊಟ ಮಾಡಿಸಿದ್ದು, ಬೈದದ್ದು, ಹೊಡೆದದ್ದು, ಶಾಲೆಗೆ ಎಳೆದುಕೊಂಡು ಹೋದದ್ದು ಎಲ್ಲವೂ ಇವಳೇ. ಅಪ್ಪ ಹೋದಾಗ ಇಳಿಜಾರಿನ ತೋಟ ಮತ್ತು ಆ ಪೀಪಾಯಿ ತಮ್ಮನ ಪಾಲಿಗೆ ಬಂತು. ಮೂಗು ಇವಳ ಪಾಲಿಗೆ ಬಂತು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಪರೀಕ್ಷೆಯ ದಿನ ಬಂತೆಂದರೆ ಅವಳ ಮನೆಯಲ್ಲಿ ಈರುಳ್ಳಿ ಹೆಚ್ಚುವಂತಿಲ್ಲ. ಗಂಡ ಪೌಡರು ಹಾಕಿಕೊಳ್ಳುವಂತಿಲ್ಲ. ಅವಳು ಬರೀ ಉಪ್ಪಿನಲ್ಲಿ ಹಲ್ಲುಜ್ಜಿ, ವಾಸನೆಯಿಲ್ಲದ ಸೋಪಿನಲ್ಲಿ ಮುಖ ತೊಳೆದು, ಬರಿಹೊಟ್ಟೆಯಲ್ಲೂ ಅಲ್ಲದೆ ತುಂಬಿದ ಹೊಟ್ಟೆಯಲ್ಲೂ ಅಲ್ಲದೆ ಬಂದು ಕೂರುತ್ತಿದ್ದಳು. ಎರಡನೇ ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು. ಪ್ರತಿ ವೈನಿನಲ್ಲೂ ಏನಾದರೂ ಒಳ್ಳೆಯದನ್ನು ಹುಡುಕುವುದು ಅವರ ಜಾಯಮಾನ. ಮಕ್ಕಳನ್ನು ಪಾಸು ಮಾಡಿ ಮಾಡಿ ಅದೇ ಅಭ್ಯಾಸವಾಗಿಬಿಟ್ಟಿತ್ತು. ಮೂರನೇ ಕುರ್ಚಿಯಲ್ಲಿ ದಿನಸಿ ಅಂಗಡಿಯ ಯಜಮಾನರು. ಅವರು ನೋಡುತ್ತಿದ್ದದ್ದು ಒಂದನ್ನೇ, ಗಿರಾಕಿ ಎರಡನೇ ಬಾಟಲಿ ಕೇಳುತ್ತಾನೋ ಇಲ್ಲವೋ.

ಉಗುಳಕ್ಕನ ರೀತಿಯೇ ಬೇರೆ. ಮೊದಲು ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ವಾರೆ ಮಾಡಿ ಅಂಚಿನ ಬಣ್ಣ ನೋಡುವಳು. ಅಲುಗಿಸದೆ ಒಮ್ಮೆ ಮೂಸುವಳು, ತಿರುಗಿಸಿ ಇನ್ನೊಮ್ಮೆ ಮೂಸುವಳು. ಬಾಯಿಗೆ ಹಾಕಿಕೊಂಡು ಸುರ್ ಎಂದು ಗಾಳಿ ಎಳೆದು, ನಾಲಿಗೆಯ ಬದಿಗೆ, ವಸಡಿಗೆ, ಕೆನ್ನೆಯ ಒಳಕ್ಕೆ ಓಡಾಡಿಸಿ, ಡಬ್ಬಕ್ಕೆ ಒಂದು ಹನಿಯೂ ಆಚೀಚೆ ಚೆಲ್ಲದ ಹಾಗೆ ಉಗುಳುವಳು. ಆಮೇಲೆ ಕಣ್ಣು ಮುಚ್ಚಿ ಸುಮ್ಮನೆ ಕೂರುವಳು. ಹೋದ ಮೇಲೆ ಬಾಯಲ್ಲಿ ಏನು ಉಳಿಯಿತು ಎಂಬುದೇ ಅವಳಿಗೆ ಮುಖ್ಯ. ಮಖಮಲ್ಲು, ರೇಷ್ಮೆ ಎಂದೆಲ್ಲ ಬಾಟಲಿಯ ಚೀಟಿಯ ಮೇಲೆ ಬರೆಯುತ್ತಾರಲ್ಲ, ಅಂಥ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು.

"ಮೆರ್ಲೋ ಅಂದ್ರೆ ಹೊಂದ್ಕೊಂಡು ಹೋಗೋ ಹಿರೀ ಮಗಳು ಕಣೆ," ಎಂದು ಒಮ್ಮೆ ದ್ರಾಕ್ಷಿಯ ಜಾತಿಗಳ ಬಗ್ಗೆ ನನಗೆ ಹೇಳಿದ್ದಳು. "ಒಗರು ಕಮ್ಮಿ, ಹಣ್ಣು ಜಾಸ್ತಿ, ಯಾರ ಮನಸ್ಸನ್ನೂ ನೋಯಿಸಲ್ಲ. ಅದಕ್ಕೆ ಬೆನ್ನುಮೂಳೆ ಬರಲಿ ಅಂತಾನೇ ಸ್ವಲ್ಪ ಕ್ಯಾಬರ್ನೆ ಸೇರ್ಸೋದು. ಆ ಕ್ಯಾಬರ್ನೆ ಇದ್ಯಲ್ಲ, ಅದು ಸಿಡುಕ. ಎಷ್ಟು ಬೇಕೋ ಅಷ್ಟೇ ಹತ್ರ ಬಿಟ್ಕೋಬೇಕು."

"ನಿನ್ ಹಾಗೆ," ಎಂದಿದ್ದೆ ನಾನು.

"ನನ್ ಹಾಗೆ," ಎಂದು ನಕ್ಕಿದ್ದಳು.

ಈಗ ತಮ್ಮನ ವಿಷಯಕ್ಕೆ ಬರುತ್ತೇನೆ. ಅವನು ಮಾಡುತ್ತಿದ್ದದ್ದೂ ಮೆರ್ಲೋವೇ, ಮುಕ್ಕಾಲಿಗಿಂತ ಹೆಚ್ಚು ಮೆರ್ಲೋ, ಉಳಿದದ್ದು ಕ್ಯಾಬರ್ನೆ. ಅವನ ಇಳಿಜಾರಿನ ಒಂದು ಬದಿಗೆ ಬಿಸಿಲು ಸಾಲದು. ಅಲ್ಲಿನ ಹಣ್ಣು ಬಣ್ಣಕ್ಕೆ ತಿರುಗಿದರೂ ಒಳಗೆ ಎಳಸು. ಅದರಿಂದ ವೈನಿಗೆ ಒಂದು ಹಸಿ ವಾಸನೆ, ಹೆಚ್ಚಿದ ದೊಣ್ಣೆ ಮೆಣಸಿನಕಾಯಿಯ ವಾಸನೆ. ಅದರ ಮೇಲೆ ಅಪ್ಪನ ಹಳೇ ಪೀಪಾಯಿಯ ಒಂದು ಮುಗ್ಗಲು. ಎರಡು ವರ್ಷದ ಹಿಂದೆ ಮೂವರೂ ಅದನ್ನು ಬೋರಲು ಹಾಕಿದರು. ಹೋದ ವರ್ಷ ಮೇಷ್ಟ್ರು ಬಿಟ್ಟರು, ಅಂಗಡಿಯವರೂ ಬಿಟ್ಟರು. ಬೋರಲು ಬಿದ್ದಿದ್ದು ಒಂದೇ ಗ್ಲಾಸು. ಅದು ಅವನ ಅಕ್ಕನದು.

ಯಾರ ಗ್ಲಾಸು ಬೋರಲು ಬಿತ್ತು ಎಂಬುದು ಊರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ತಮ್ಮ ಅಂದೇ ಅಕ್ಕನ ಮನೆ ಬಾಗಿಲಿಗೆ ಬಂದು ನಿಂತ. ನಾನು ಅಲ್ಲೇ ಇದ್ದೆ.

"ನಂದು ಅಂತ ಗೊತ್ತಾಗ್ಲಿಲ್ವಾ ನಿಂಗೆ?"

"ಗ್ಲಾಸಿನ ಮೇಲೆ ಹೆಸರಿರಲ್ಲ."

"ಅಪ್ಪನ ಪೀಪಾಯಿ ಒಳಗೆ ಕೂತು ಬೆಳೆದವಳು ನೀನು. ನಿಂಗೆ ಹೆಸರು ಬೇಕಾ?"

ಅವನು ಇಳಿದು ಹೋದ. ಅಂದಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ದಾರಿಯಲ್ಲಿ ಎದುರಾದರೆ ಅವನು ಆ ಕಡೆ, ಇವಳು ಈ ಕಡೆ. ಅವನ ಹೆಂಡತಿ ಮಾತ್ರ ಕದ್ದುಮುಚ್ಚಿ, "ಚೆನ್ನಾಗಿದ್ದೀರಾ ಅತ್ತಿಗೆ" ಎಂದು ಕೇಳಿ ಓಡಿಹೋಗುತ್ತಿದ್ದಳು.

ಗೊತ್ತಾಗಿತ್ತು. ಅದನ್ನು ಅವಳು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು. ಮೂಗಿಗೆ ಬಂದ ಕೂಡಲೇ ಅದು ತಮ್ಮನದೆಂದು ಗೊತ್ತಾಗಿತ್ತು, ಆದರೂ ಕೈಯೆತ್ತಲಿಲ್ಲ. ತಮ್ಮನ ಪರವಾಗಿ ಹೋದರೆ ತಾನೇ ಪಕ್ಷಪಾತ, ವಿರುದ್ಧ ಹೋದರೆ ಯಾರು ಬೆರಳು ತೋರಿಸುತ್ತಾರೆ ಎಂದುಕೊಂಡಿದ್ದಳಂತೆ. "ಬೇರೆಯವರದ್ದಾಗಿದ್ರೆ ಬಿಡ್ತಿದ್ನೇನೋ," ಎಂದಳು. ನನಗೆ ರೇಗಿಹೋಯಿತು. ಎತ್ತಿ ಆಡಿಸಿದ ತಮ್ಮನಿಗೆ ಊರಿನವರಿಗಿಂತ ಹೆಚ್ಚು ಬಿಗಿ ಹಿಡಿಯುವುದು ಯಾವ ಸೀಮೆಯ ನ್ಯಾಯ? ಬಾಯಿಗೆ ಬಂದ ಹಾಗೆ ಬೈದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಹೀಗಿರುವಾಗ ಈ ವರ್ಷದ ಮೆರ್ಲೋ ಪರೀಕ್ಷೆ ಬಂತು. ತಮ್ಮನಿಗೆ ಇದು ಮೂರನೆಯದು. ಬಿದ್ದರೆ ಅಪ್ಪನ ಕಾಲದಿಂದ ನಡೆದ ವೈನು ಅವನ ಕೈಯಲ್ಲಿ ನಿಂತುಹೋಗುತ್ತದೆ. ಇದು ಊರಿಗೆಲ್ಲ ಗೊತ್ತು, ಅವಳಿಗಂತೂ ಚೆನ್ನಾಗಿ ಗೊತ್ತು. ಬೆಳೆಗಾರರೆಲ್ಲ ಕೆಳಗೆ ಅಂಗಳದಲ್ಲಿ ಬಂದು ಕಾಯುತ್ತಿದ್ದರು. ಅವನು ಗೇಟಿನ ಕಂಬಕ್ಕೆ ಒರಗಿಕೊಂಡು ಉಗುರು ಕಚ್ಚುತ್ತಿದ್ದ.

ಒಟ್ಟು ಎಂಟು ವೈನು. ನಾನು ಬಾಟಲಿಗಳನ್ನು ತೆಗೆದು ಜಗ್ಗುಗಳಿಗೆ ಸುರಿದೆ. ತಮ್ಮನ ಬಾಟಲಿ ತೆಗೆದಾಗ ನನ್ನ ಮೂಗಿಗೇ ಏನೋ ವ್ಯತ್ಯಾಸ ಹೊಡೆಯಿತು. ಹಸಿ ವಾಸನೆಯ ಸುಳಿವೇ ಇಲ್ಲ. ಹಣ್ಣಾದ ಪ್ಲಮ್ಮು, ಅದರ ಹಿಂದೆ ಹೊಸ ಮರ. ಆಮೇಲೆ ತಿಳಿದದ್ದು: ಹೋದ ವರ್ಷದ ಸಿಟ್ಟಿನಲ್ಲಿ ಅವನು ನೆರಳಿನ ಬದಿಯ ಎಲೆಗಳನ್ನೆಲ್ಲ ಸವರಿ ಗೊಂಚಲಿಗೆ ಬಿಸಿಲು ಬೀಳುವ ಹಾಗೆ ಮಾಡಿದ್ದ. ಎಲ್ಲರೂ ಕಿತ್ತು ಮುಗಿಸಿದ ಮೇಲೂ ಎದೆ ಗಟ್ಟಿ ಮಾಡಿಕೊಂಡು ಕಾದು ಕಿತ್ತಿದ್ದ. ಅಪ್ಪನ ಪೀಪಾಯಿಯನ್ನು ಮೂಲೆಗೆ ತಳ್ಳಿ ಓಕ್ ಮರದ ಹೊಸ ಪೀಪಾಯಿ ತಂದಿದ್ದ. ಮಾತು ಬಿಟ್ಟ ಅಕ್ಕನಿಗೆ ಇದನ್ನೆಲ್ಲ ಯಾರು ಹೇಳಬೇಕು? ನಂಬರು ಹಾಕುವಾಗ ಅವನದು ಆರನೆಯದಾಗಿ ಬಂತು. ನಾಲ್ಕನೆಯದು ಸಂಘದ ಅಧ್ಯಕ್ಷರ ಅಳಿಯನದು.

ಮೊದಲನೆಯದು ತೆಳು. ಬಣ್ಣ ಬಿಟ್ಟರೆ ಏನೂ ಇಲ್ಲದ್ದು. ಮೂವರೂ ಬೋರಲು ಹಾಕಿದರು. ಎರಡು ಮತ್ತು ಮೂರು ಅಚ್ಚುಕಟ್ಟು, ಎಲ್ಲರೂ ಬಿಟ್ಟರು. ನಾಲ್ಕನೆಯದನ್ನು ಕಳಿಸಿದೆ. ಪರದೆಯಲ್ಲಿ ಬೆರಳಗಲದ ಒಂದು ಸಂದಿ ಇದೆ, ಗ್ಲಾಸು ಖಾಲಿಯಾದದ್ದು ನೋಡುವುದಕ್ಕೆಂದು. ಅದರಲ್ಲಿ ನೋಡುತ್ತಿದ್ದೆ. ಉಗುಳಕ್ಕ ಗ್ಲಾಸನ್ನು ಮೂಗಿನ ಹತ್ತಿರ ತಂದವಳು ಅಲ್ಲೇ ನಿಂತಳು. ಗ್ಲಾಸು ಕೆಳಗಿಟ್ಟಳು. ಮತ್ತೆ ಎತ್ತಿದಳು.

ಅಳಿಯನ ವೈನಿನಲ್ಲಿ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ ಮೂಗಿಗೆ ಹೊಡೆಯುವಂತಿತ್ತು. ಜೊತೆಗೆ ಯಾವುದೋ ಹಳೇ ಪೀಪಾಯಿಯ ಮುಗ್ಗಲು. ಅವಳು ಏನೆಂದುಕೊಂಡಳು ಎಂದು ನನಗೆ ಪರದೆಯ ಹಿಂದೆಯೇ ಅರ್ಥವಾಗಿಹೋಯಿತು. ಅಯ್ಯೋ, ಅದು ನಿನ್ನ ತಮ್ಮನದಲ್ಲವೇ ಅಲ್ಲ ಕಣೇ ಎಂದು ಕೂಗಬೇಕೆನಿಸಿತು. ನಾಲಿಗೆ ಕಚ್ಚಿಕೊಂಡೆ.

ಅವಳು ಬಾಯಿಗೆ ಹಾಕಿಕೊಂಡಳು, ಓಡಾಡಿಸಿದಳು, ಉಗುಳಿದಳು. ಎಂದೂ ಇಲ್ಲದ ಹಾಗೆ ಎರಡು ಹನಿ ಬಿಳಿ ಬಟ್ಟೆಯ ಮೇಲೆ ಬಿತ್ತು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಮೇಷ್ಟ್ರಿಗೆ ಅಂದು ನೆಗಡಿ, ಅವರು ಬಿಟ್ಟಿದ್ದರು. ಅಂಗಡಿಯವರೂ ಬಿಟ್ಟಿದ್ದರು. ಉಗುಳಕ್ಕನ ಕೈ ಗ್ಲಾಸಿನ ಕಡೆಗೆ ಹೋಯಿತು. ಬೋರಲು ಹಾಕುತ್ತಾಳೆ ಎಂದುಕೊಂಡೆ. ಕೈ ವಾಪಸು ಬಂತು. ಗ್ಲಾಸು ನೆಟ್ಟಗೇ ಉಳಿಯಿತು.

ಅಷ್ಟು ಹಸಿ ವೈನನ್ನು ಅವಳು ಬಿಟ್ಟದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಐದನೆಯದು ಸಾಧಾರಣ, ಹೆಚ್ಚು ಯೋಚನೆ ಮಾಡದೆ ಬಿಟ್ಟಳು. ಆರನೆಯದು ಹೋಯಿತು. ನಾನು ಸಂದಿಗೆ ಕಣ್ಣಿಟ್ಟೆ. ಅಂಚಿನ ಬಣ್ಣ ನೋಡಿದಳು, ಗಾಢವಾದ ನೇರಳೆ ಕೆಂಪು. ಮೂಸಿದಳು. ಅವಳ ಮುಖದಲ್ಲಿ ಗುರುತಿನ ಒಂದು ಎಳೆಯೂ ಕಾಣಲಿಲ್ಲ. ಯಾರೋ ಊರಿಗೆ ಹೊಸಬನನ್ನು ನೋಡಿದ ಹಾಗೆ ನೋಡಿದಳು. ಬಾಯಿಗೆ ಹಾಕಿ, ಉಗುಳಿ, ಹುಬ್ಬು ಗಂಟು ಹಾಕಿದಳು. ಉಳಿದಿಬ್ಬರ ಗ್ಲಾಸುಗಳು ನೆಟ್ಟಗಿದ್ದವು. ಇವಳು ಉಳಿದ ವೈನನ್ನು ಡಬ್ಬಕ್ಕೆ ಚೆಲ್ಲಿ, ಟಕ್ ಎಂದು ಗ್ಲಾಸು ಬೋರಲು ಹಾಕಿದಳು.

ನಾನು ಜಗ್ಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೈಬಿಟ್ಟಿದ್ದರೆ ಅದೇ ಒಂದು ಸನ್ನೆಯಾಗುತ್ತಿತ್ತು. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಆದರೆ ನಾನು ಮಾತಾಡಿದರೆ ಎಂಟು ಮನೆಯವರ ವರ್ಷದ ದುಡಿಮೆಯ ತೀರ್ಪು ರದ್ದಾಗಿ ಮತ್ತೆ ಮೊದಲಿನಿಂದ ಶುರುವಾಗಬೇಕು, ಅಕ್ಕ ತಮ್ಮನ ಪರವಾಗಿ ಪರದೆಯವಳೂ ಸೇರಿಕೊಂಡಳು ಎಂದು ಊರು ಬೊಬ್ಬೆ ಹಾಕಬೇಕು. ಏಳು, ಎಂಟನ್ನು ಸುರಿದು ಕಳಿಸಿದೆ.

ಎಂಟೂ ಮುಗಿಯಿತು. ಇನ್ನು ಪರದೆ ಸರಿಸಿ ಬಾಟಲಿಗಳನ್ನು ಮೇಜಿಗೆ ತರುವುದಷ್ಟೇ ಬಾಕಿ. ತೀರ್ಪುಗಳೆಲ್ಲ ಸರಿಯೇ ಎಂದು ಹಿರಿಯರಾದ ಮೇಷ್ಟ್ರು ಕೇಳಬೇಕು, ಮೂವರೂ ಹೌದು ಎನ್ನಬೇಕು, ಆಮೇಲೆ ನನಗೆ ಬಿಡುಗಡೆ. ಮೇಷ್ಟ್ರು ಮೂಗೊರೆಸಿಕೊಂಡು ಕೇಳಿದರು.

"ಸರಿ," ಎಂದರು ಅಂಗಡಿಯವರು.

ಉಗುಳಕ್ಕ ಎದ್ದು ನಿಂತಳು. ಬೋರಲು ಬಿದ್ದ ಆರನೇ ಗ್ಲಾಸನ್ನೇ ನೋಡುತ್ತಿದ್ದಳು.

"ಸರಿ ಇಲ್ಲ ಮೇಷ್ಟ್ರೇ. ನಾಲ್ಕನೇದು ಯಾರದ್ದು ಅಂತ ನಂಗೆ ಗೊತ್ತಾಯ್ತು. ಕೈ ಎತ್ಲಿಲ್ಲ."

"ಈಗ ಹೇಳ್ತಿದ್ದೀಯಲ್ಲಮ್ಮಾ! ಕುರ್ಚಿ ಹೋಗುತ್ತೆ."

"ಹೋಗ್ಲಿ."

ಅಂಗಡಿಯವರು ಮುಜುಗರಪಟ್ಟುಕೊಂಡರು. "ನಾವಿಬ್ರೂ ಬಿಟ್ಟಿದ್ದೀವಿ. ನೀವೂ ಬಿಟ್ಟಿದ್ದೀರಿ. ಯಾರಿಗೇನು ನಷ್ಟ? ಕೂತ್ಕೊಳ್ಳಿ ಸುಮ್ನೆ."

"ನಷ್ಟ ಆಯ್ತಲ್ಲ," ಎಂದಳು. "ನಾಲ್ಕನೇದು ಎಳಸು. ಗೊತ್ತಿದ್ದೂ ಸಡಿಲ ಬಿಟ್ಟೆ. ಮನಸ್ಸು ಚುಚ್ಚೋಕೆ ಶುರುವಾಯ್ತು. ಆ ಚುಚ್ಚಿದ್ದಕ್ಕೆ ಆರನೇದ್ರ ಮೇಲೆ ಬಿಗಿ ಮಾಡ್ದೆ. ಅದ್ರಲ್ಲಿ ಇದ್ದಿದ್ದು ಒಂಚೂರು ಮರ ಜಾಸ್ತಿ, ಅಷ್ಟೇ. ಬೇರೆ ದಿನ ಆಗಿದ್ರೆ ಬಿಡ್ತಿದ್ದೆ. ಅದೂ ಯಾರ್ದೋ ಮನೆಯವರದ್ದು ತಾನೇ ಮೇಷ್ಟ್ರೇ? ಅವನಿಗೂ ಒಬ್ಬಳು ಅಕ್ಕ ಇರ್ತಾಳೆ."

ನಾನು ಪರದೆಯ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡೆ.

ಬದಲಿಗೆ ಕೂರುವವಳು ಎದುರು ರಸ್ತೆಯ ಬೇಕರಿಯವಳು. ಹಸಿ ವಾಸನೆ ಎಂದರೆ ಆಕೆಗೆ ಆಗದು. ಸೌತೆಕಾಯಿ ಹೆಚ್ಚಿದರೂ ಕಿಟಕಿ ತೆಗೆಯುವ ಹೆಂಗಸು. ಉಗುಳಕ್ಕನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಬೇಕರಿಯವಳು ಬಂದು ಕೂತರೆ ನಾಲ್ಕನೆಯದು ಬೋರಲು ಬಿದ್ದಂತೆಯೇ. ಅಂದರೆ ತಮ್ಮನನ್ನು ತಾನೇ ಕೈಯಾರೆ ನೂಕುತ್ತಿದ್ದೇನೆ ಎಂದು ತಿಳಿದೇ ಅವಳು ಎದ್ದಿದ್ದಳು. ಯಾರ ಕೈಗೂ ಕೊಡದೆ ತನ್ನ ಕುರ್ಚಿಯನ್ನು ತಾನೇ ಗೋಡೆಯ ಕಡೆಗೆ ತಿರುಗಿಸಿ, ಹೊರಗೆ ಹೋಗಿ ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಕೂತಳು.

ಬೇಕರಿಯವಳು ಮೊಣಕೈಯವರೆಗಿನ ಹಿಟ್ಟು ತೊಳೆದುಕೊಂಡು ಬಂದಳು. ಬೇರೆ ಕುರ್ಚಿ ಹಾಕಿದರು. ನಾನು ಎಂಟನ್ನೂ ಮತ್ತೆ ಸುರಿದೆ. ನಾಲ್ಕನೆಯದಕ್ಕೆ ಆಕೆ ಮೂಗು ಮುಚ್ಚಿಕೊಂಡು, ಬಾಯಿಗೂ ಹಾಕದೆ ಬೋರಲು ಹಾಕಲು ಹೋದಳು. ಮೇಷ್ಟ್ರು ಗದರಿದ ಮೇಲೆ ಒಂದು ಗುಟುಕು ಹಾಕಿ ಉಗುಳಿ ಬೋರಲು ಹಾಕಿದಳು. ಆರನೆಯದನ್ನು ಎರಡು ಸಲ ಬಾಯಿಗೆ ಹಾಕಿಕೊಂಡಳು. ಗ್ಲಾಸನ್ನು ನೆಟ್ಟಗೆ ಇಟ್ಟು, ಅದರ ಕಾಲನ್ನು ಒಮ್ಮೆ ಸವರಿದಳು.

ಮೇಷ್ಟ್ರು ಮತ್ತೆ ಕೇಳಿದರು. ಮೂವರೂ ಸರಿ ಎಂದರು. ನನ್ನ ಬಾಯಿಗೆ ಬಿಡುಗಡೆ ಸಿಕ್ಕಿತು. ಪರದೆ ಸರಿಸಿ ಬಾಟಲಿಗಳನ್ನು ಒಂದೊಂದಾಗಿ ಗ್ಲಾಸುಗಳ ಮುಂದೆ ಇಟ್ಟೆ. ನಾಲ್ಕರ ಮುಂದೆ ಅಧ್ಯಕ್ಷರ ಅಳಿಯನ ಬಾಟಲಿ. ಆರರ ಮುಂದೆ ಅವಳ ತಮ್ಮನ ಬಾಟಲಿ. ಮೇಷ್ಟ್ರು ಎರಡನ್ನೂ ನೋಡಿದರು, ಗೋಡೆಗೆ ಮುಖ ಮಾಡಿದ ಕುರ್ಚಿಯನ್ನು ನೋಡಿದರು, ಕನ್ನಡಕ ತೆಗೆದು ಒರೆಸತೊಡಗಿದರು.

"ಹಾಗಾದ್ರೆ ತಮ್ಮಂದು ಅಂತ ತಪ್ಪು ತಿಳ್ಕೊಂಡಿದ್ದು, ಆಕೆಗೆ ಗುರುತು ಸಿಕ್ಕೇ ಇರ್ಲಿಲ್ಲ," ಎಂದರು ಅಂಗಡಿಯವರು. "ಕುರ್ಚಿ ವಾಪಸ್ ತಿರುಗಿಸ್ಬಹುದಲ್ವಾ?"

ನಾನು ಆ ಮಾತನ್ನು ಹಿಡಿದುಕೊಂಡು ಎದ್ದೆನೋ ಬಿದ್ದೆನೋ ಎಂದು ಬೆಂಚಿಗೆ ಓಡಿದೆ. ಉಸಿರು ಕಟ್ಟಿ ಎಲ್ಲವನ್ನೂ ಹೇಳಿದೆ. ಆರನೆಯದು ಅವನದು, ನಾಲ್ಕನೆಯದು ಅವನದಲ್ಲ, ಪಾಸಾಗಿದೆ, ಕುರ್ಚಿಯೂ ವಾಪಸು ಸಿಗಬಹುದು. ಅವಳು ನನ್ನ ಮುಖ ನೋಡಿದಳು. ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳ ಮುಖ ಬಿಳಿಚಿಹೋಯಿತು.

"ಆರನೇದು ಅವನದ್ದಾ?"

"ಹೂಂ ಕಣೆ."

"ನಂಗೆ ಗೊತ್ತೇ ಆಗ್ಲಿಲ್ವಲ್ಲೇ," ಎಂದಳು. "ಬಾಯಲ್ಲಿಟ್ಕೊಂಡ್ರೂ ಗೊತ್ತಾಗ್ಲಿಲ್ಲ." ಸೆರಗಿನಲ್ಲಿ ತುಟಿ ಒರೆಸಿಕೊಂಡು, "ಕುರ್ಚಿ ಹಾಗೇ ಇರ್ಲಿ. ಅವನದು ಅಂದ್ಕೊಂಡೇ ತಾನೇ ಬಿಟ್ಟಿದ್ದು," ಎಂದಳು.

ಅಷ್ಟರಲ್ಲಿ ತಮ್ಮ ಮೆಟ್ಟಿಲು ಹತ್ತಿ ಬಂದ. ಸುದ್ದಿ ಅಂಗಳಕ್ಕೆ ಮುಟ್ಟಿತ್ತು. ಮುಖದಲ್ಲಿ ಗೆದ್ದ ಕಳೆ. ವರ್ಷದಿಂದ ಆಡದ ಮಾತನ್ನು ಅವನು ಅಕ್ಕನ ಎದುರು ನಿಂತು ಆಡಿದ.

"ಕೇಳಿದ್ಯಾ? ಈ ಸಲ ಒಳಗೆ ನೀನಿರ್ಲಿಲ್ಲ. ಅದಕ್ಕೇ ಪಾಸಾಯ್ತು."

"ಹೌದು ಕಣೋ," ಎಂದಳು ಅವಳು. "ಅದಕ್ಕೇ ಪಾಸಾಯ್ತು."

ನನ್ನ ತಾಳ್ಮೆಗೆ ಅಷ್ಟೇ ಸಾಕಾಯಿತು. ಬೆಳಗ್ಗೆಯಿಂದ ಕಟ್ಟಿಟ್ಟ ಮಾತೆಲ್ಲ ಒಟ್ಟಿಗೇ ಹೊರಬಿತ್ತು. "ಲೋ, ಬಾಯಿ ಮುಚ್ಚೋ! ಇವಳ್ಯಾಕೆ ಹೊರಗಿದ್ದಾಳೆ ಅಂತ ಕೇಳಿದ್ಯಾ ಮೊದ್ಲು?" ಎಂದು ಶುರು ಮಾಡಿದವಳು ನಾಲ್ಕನೇ ಗ್ಲಾಸಿನಿಂದ ತಿರುಗಿಸಿದ ಕುರ್ಚಿಯ ತನಕ ಒಂದೇ ಉಸಿರಿನಲ್ಲಿ ಹೇಳಿದೆ. ಉಗುಳಕ್ಕ ನನ್ನ ತೋಳು ಚಿವುಟಿದಳು. ಚಿವುಟಿದರೆ ನಿಲ್ಲುವ ಬಾಯಿ ನನ್ನದಲ್ಲ. ಆರನೇ ಗ್ಲಾಸಿನ ಮಾತನ್ನು ಮಾತ್ರ ನುಂಗಿಕೊಂಡೆ. ಅದನ್ನು ಹೇಳುವವಳು ನಾನಲ್ಲ.

"ಹೇಳೋದು ಇನ್ನೂ ಒಂದಿದೆ," ಎಂದಳು ಅವಳು. "ನಿಂದನ್ನ ನಾನು ಬೋರಲು ಹಾಕಿದ್ದೆ. ಈ ವರ್ಷವೂ."

ಬೈಯುತ್ತಾನೆ ಎಂದುಕೊಂಡೆ. ಅವನು ಅವಳ ಕೈಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಇಳಿಯತೊಡಗಿದ. ಎರಡು ಮೆಟ್ಟಿಲು ಇಳಿದು ತಿರುಗಿ, "ಬಾ ಮನೆಗೆ. ನೀವೂ ಬನ್ನಿ, ದಾರಿಯುದ್ದಕ್ಕೂ ಇನ್ನೊಂದು ಸಲ ಬೈಯೋದಕ್ಕೆ ಆಗುತ್ತೆ," ಎಂದು ನನಗೂ ಸೇರಿಸಿ ಹೇಳಿದ.

ಅವನ ಮನೆಯ ನೆಲಮಾಳಿಗೆಗೆ ಅವಳು ಕಾಲಿಟ್ಟು ಒಂದು ವರ್ಷದ ಮೇಲಾಗಿತ್ತು. ಹೊಸ ಪೀಪಾಯಿಗಳು ನಡುವೆ ಸಾಲಾಗಿದ್ದವು. ಅಪ್ಪನ ದೊಡ್ಡ ಪೀಪಾಯಿ ಮೂಲೆಯಲ್ಲಿ ಖಾಲಿ ನಿಂತಿತ್ತು. ಅವಳು ನೇರ ಅಲ್ಲಿಗೆ ಹೋಗಿ ಅದರ ಚಿಕ್ಕ ಬಾಯಿಯೊಳಗೆ ತಲೆ ಹಾಕಿ ಒಮ್ಮೆ ಉಸಿರೆಳೆದಳು. "ಇದನ್ನ ಇನ್ನು ಒಲೆಗೆ ಹಾಕ್ಬಹುದು," ಎಂದಳು. "ಹಾಕಲ್ಲ," ಎಂದ ಅವನು.

ತಮ್ಮನ ಹೆಂಡತಿ ಮೂರು ಗ್ಲಾಸು ತಂದಳು. ಹಿಂದಿನ ಅಭ್ಯಾಸದಂತೆ ಅತ್ತಿಗೆಯ ಕಾಲ ಬಳಿ ಉಗುಳುವುದಕ್ಕೆ ಒಂದು ಪಾತ್ರೆಯನ್ನೂ ಇಟ್ಟಳು. ತಮ್ಮ ಪೀಪಾಯಿಯಿಂದ ವೈನು ತೆಗೆದು ಅಕ್ಕನಿಗೆ ಮೊದಲು ಸುರಿದ. ಸಂಘದ ಮುದ್ರೆ ಬಿದ್ದ ಮೇಲೂ ಅವನಿಗೆ ಬೇಕಾಗಿದ್ದ ತೀರ್ಪು ಇನ್ನೂ ಬಂದಿರಲಿಲ್ಲ.

ಅವಳು ಅಂಚಿನ ಬಣ್ಣ ನೋಡಲಿಲ್ಲ. ಮೂಸಿದಳು, ತಿರುಗಿಸಿ ಮತ್ತೆ ಮೂಸಿದಳು. ಬಾಯಿಗೆ ಹಾಕಿಕೊಂಡು ಸುರ್ ಎಂದು ಗಾಳಿ ಎಳೆದಳು. ನಾವು ಮೂವರೂ ಅವಳನ್ನೇ ನೋಡುತ್ತಿದ್ದೆವು. ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ಪಾತ್ರೆ ಖಾಲಿಯೇ ಇತ್ತು. ಕಣ್ಣು ಮುಚ್ಚಿ ಕೂತಳು.

"ಹೇಗಿದೆ?" ಎಂದ ಅವನು.

"ಮರ ಜಾಸ್ತಿ ಆಯ್ತು ಕಣೋ."

ಅವನ ಮುಖ ಇಳಿಯಿತು. ಅವನ ಹೆಂಡತಿ ನನ್ನ ಕಡೆ ನೋಡಿದಳು.

ಉಗುಳಕ್ಕ ಕಾಲಿನಿಂದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಗ್ಲಾಸನ್ನು ತಮ್ಮನ ಮುಂದೆ ಚಾಚಿದಳು.

"ಇನ್ನೊಂಚೂರು ಹಾಕು."